ರೂಢಿಯ ವಿಮಾನ



ನಮ್ಮ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಸ್ತುವಾಚಕಗಳನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ತಮಗೆಲ್ಲರಿಗೂ ತಿಳಿದ ವಿಷಯವೇ. ಬಳಕೆಯಿಂದ ಬಂದದ್ದು ರೂಢನಾಮ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ಅರ್ಥಕ್ಕೆ ಅನುಗುಣವಾಗಿ ನಿಂತದ್ದು ಅನ್ವರ್ಥನಾಮ. ವಿಮಾನಚಾಲಕರ ಮಾತಿನಲ್ಲಿ ಒಂದು ವಿಚಿತ್ರವಾದ ಹೆಸರುಂಟು. ಅದು ಈ ಮೂರರಲ್ಲಿ ಯಾವುದಕ್ಕೆ ಸೇರಬೇಕೆಂದು ಹೇಳುವುದು ಸುಲಭವಲ್ಲ. ಒಂದು ಜಾತಿಯ ವಿಮಾನವನ್ನು ಅವರು ‘ಕನ್ವೆನ್ಷನಲ್’ ಎಂದು ಕರೆಯುತ್ತಾರೆ. ರೂಢಿಗೆ ಅನುಸಾರವಾದದ್ದು, ವಾಡಿಕೆಯದು ಎಂದು ಆ ಶಬ್ದಕ್ಕೆ ಅರ್ಥ. ಆದರೆ ಇಂದು ಯಾವ ವಿಮಾನನಿಲ್ದಾಣಕ್ಕೆ ಹೋಗಿ ನೋಡಿದರೂ ಅಲ್ಲಿ ನಿಂತಿರುವ ವಿಮಾನಗಳಲ್ಲಿ ಈ ರೂಢಿಯ ವಿಮಾನವೇ ಅತ್ಯಂತ ಅಪರೂಪ. ರೂಢಿ ಹೋದ ಮೇಲೂ ರೂಢಿಯೆಂಬ ಹೆಸರು ಕೇವಲ ರೂಢಿಯಿಂದಲೇ ಉಳಿದುಕೊಂಡಿದೆ. ಹೀಗಾದದ್ದು ಹೇಗೆ, ಈ ಹೆಸರಿನ ಹಿಂದಿರುವ ಚರಿತ್ರೆ ಯಾವುದು, ಚಿತ್ರದುರ್ಗದ ಸೀಮೆಯವರಿಗೆ ಅದರಲ್ಲಿ ಏನು ಸಂಬಂಧ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಹೆಸರಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನೆಲದ ಮೇಲೆ ನಿಲ್ಲುವ ಯಾವ ವಸ್ತುವಿಗೂ ಕನಿಷ್ಠಪಕ್ಷ ಮೂರು ಆಧಾರಗಳು ಬೇಕು. ಒಲೆಗೆ ಮೂರು ಗುಂಡು ಹೇಗೋ ಹಾಗೆ. ಸಾಧಾರಣವಾದ ಚಿಕ್ಕ ವಿಮಾನಕ್ಕೆ ರೆಕ್ಕೆಗಳ ಬುಡದಲ್ಲಿ ಎರಡು ದೊಡ್ಡ ಗಾಲಿಗಳಿರುತ್ತವೆ. ಮೂರನೆಯ ಗಾಲಿಯನ್ನು ಎಲ್ಲಿ ಇಡಬೇಕು? ಬಾಲದ ಕೆಳಗೆ ಇಡಬಹುದು, ಇಲ್ಲವೆ ಮೂಗಿನ ಕೆಳಗೆ ಇಡಬಹುದು. ಬಾಲದ ಕೆಳಗೆ ಇಟ್ಟರೆ ವಿಮಾನವು ಮೂಗನ್ನು ಆಕಾಶಕ್ಕೆ ಎತ್ತಿ, ಮುಂಗಾಲೂರಿ ಕುಳಿತ ನಾಯಿಯಂತೆ ತೋರುತ್ತದೆ. ಮೂಗಿನ ಕೆಳಗೆ ಇಟ್ಟರೆ ಬೆನ್ನು ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಇವುಗಳಲ್ಲಿ ಬಾಲಗಾಲಿಯುಳ್ಳದ್ದಕ್ಕೇ ಚಾಲಕರು ರೂಢಿಯ ವಿಮಾನವೆಂದು ಹೆಸರಿಟ್ಟಿದ್ದಾರೆ. ಮೂಗುಗಾಲಿಯುಳ್ಳದ್ದನ್ನು ಮಕ್ಕಳ ಮೂರುಗಾಲಿಯ ಬಂಡಿಯ ಹೆಸರಿನಿಂದ ‘ಟ್ರೈಸಿಕಲ್’ ಎನ್ನುತ್ತಾರೆ. ಬಾಲಗಾಲಿಯ ವಿಮಾನಕ್ಕೂ ಮೂರೇ ಗಾಲಿಗಳಿದ್ದರೂ ಆ ಹೆಸರು ಅದಕ್ಕೆ ದೊರೆಯಲಿಲ್ಲ.

ಇದು ಬರಿಯ ನೋಟದ ಭೇದವೆಂದು ತಿಳಿಯಬಾರದು. ಎತ್ತಿನ ಗಾಡಿಯನ್ನು ಹೊಡೆದು ಅನುಭವವುಳ್ಳವರಿಗೆ ಇದರ ಮರ್ಮವು ಕೂಡಲೆ ಹೊಳೆಯುತ್ತದೆ. ಗಾಡಿಯ ಮೇಲೆ ಹೇರನ್ನು ಅಚ್ಚಿಗಿಂತ ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಹೇರಿದರೆ ಎತ್ತುಗಳ ಕತ್ತಿನ ಮೇಲೆ ಭಾರ ಬೀಳುತ್ತದೆ. ಬಾಲಗಾಲಿಯ ವಿಮಾನದಲ್ಲಿ ಭಾರದ ಕೇಂದ್ರವು ದೊಡ್ಡ ಗಾಲಿಗಳಿಗಿಂತ ಹಿಂದೆ ಇರುತ್ತದೆ. ಇರದಿದ್ದರೆ ಅದು ಬಾಲದ ಮೇಲೆ ಕೂರುತ್ತಿರಲಿಲ್ಲ. ಮೂಗುಗಾಲಿಯ ವಿಮಾನದಲ್ಲಿ ಭಾರದ ಕೇಂದ್ರವು ದೊಡ್ಡ ಗಾಲಿಗಳಿಗಿಂತ ಮುಂದೆ ಇರುತ್ತದೆ. ನಿಂತಾಗ ಇದರಿಂದ ಬಾಧಕವೇನೂ ಇಲ್ಲ. ಆದರೆ ವೇಗವಾಗಿ ನೆಲದ ಮೇಲೆ ಓಡುತ್ತಿರುವಾಗ ವಿಮಾನದ ಮೂತಿ ಒಂದಿಷ್ಟು ಪಕ್ಕಕ್ಕೆ ತಿರುಗಿತೆನ್ನಿ. ನೆಲವನ್ನು ಹಿಡಿದಿರುವುದು ಗಾಲಿಗಳು; ಮುಂದಕ್ಕೆ ನುಗ್ಗುತ್ತಿರುವುದು ಭಾರ. ಭಾರವು ಗಾಲಿಗಳಿಗಿಂತ ಮುಂದಿದ್ದರೆ ಅದು ಗಾಲಿಗಳನ್ನು ಎಳೆದು ನೇರ್ಪಡಿಸುತ್ತದೆ. ಹಿಂದಿದ್ದರೆ ಗಾಲಿಗಳನ್ನು ದಾಟಿ ತಾನೇ ಮುಂದಾಗಲು ಹವಣಿಸಿ ಸೊಟ್ಟವನ್ನು ಮತ್ತಷ್ಟು ಸೊಟ್ಟಮಾಡುತ್ತದೆ. ಎತ್ತುಗಳು ಎಳೆದ ಗಾಡಿ ಹಿಂದೆ ನೆಟ್ಟಗೆ ಬರುತ್ತದೆ. ಅದೇ ಗಾಡಿಯನ್ನು ಮೂಕಿ ಹಿಡಿದು ಹಿಮ್ಮುಖವಾಗಿ ತಳ್ಳಿದರೆ ಯಾವ ಕಡೆಗಾದರೂ ಹೊರಳುತ್ತದೆ. ಹೀಗೆ ಹೊರಳಿದ ವಿಮಾನವು ನೆಲದ ಮೇಲೆಯೇ ಗಿರಕಿ ಹೊಡೆದು ರೆಕ್ಕೆಯ ತುದಿಯನ್ನು ಮಣ್ಣಿಗೆ ಉಜ್ಜಿ ಮುರಿದುಕೊಳ್ಳುತ್ತದೆ. ಚಾಲಕರ ಭಾಷೆಯಲ್ಲಿ ಇದಕ್ಕೆ ‘ಗ್ರೌಂಡ್ ಲೂಪ್’ ಎಂದು ಹೆಸರು.

ಆದುದರಿಂದಲೇ ಬಾಲಗಾಲಿಯ ವಿಮಾನವನ್ನು ನಡೆಸುವವನ ಕಾಲುಗಳಿಗೆ ವಿರಾಮವಿಲ್ಲ. ವಿಮಾನ ನೆಲವನ್ನು ಮುಟ್ಟಿದೊಡನೆ ಹಾರಾಟ ಮುಗಿಯಿತೆಂದು ಅವನು ಉಸಿರು ಬಿಡುವಂತಿಲ್ಲ. ಅದು ಪೂರ್ತಿ ನಿಲ್ಲುವವರೆಗೂ ಚುಕ್ಕಾಣಿಯ ಪಾದಪಟ್ಟಿಗಳನ್ನು ಎಡಕ್ಕೂ ಬಲಕ್ಕೂ ಒತ್ತುತ್ತಲೇ ಇರಬೇಕು. ಮೂಗು ಮೇಲೆದ್ದಿರುವುದರಿಂದ ಮುಂದಿನ ದಾರಿಯೂ ನೇರವಾಗಿ ಕಾಣದು. ನಿಲ್ದಾಣದಲ್ಲಿ ಚಲಿಸುವಾಗ ಹಾವಿನಂತೆ ಅಂಕುಡೊಂಕಾಗಿ ಹೋಗುತ್ತ ಇಕ್ಕಡೆಯೂ ಇಣುಕಿ ನೋಡಬೇಕು. ಅಮೆರಿಕಾ ದೇಶದಲ್ಲಿ ಬಾಲಗಾಲಿಯ ವಿಮಾನವನ್ನು ಸ್ವತಂತ್ರವಾಗಿ ನಡೆಸಬೇಕಾದವನು ಅದಕ್ಕಾಗಿ ಪ್ರತ್ಯೇಕ ಶಿಕ್ಷಣವನ್ನು ಪಡೆದು ಶಿಕ್ಷಕನಿಂದ ಬರವಣಿಗೆಯ ಒಪ್ಪಿಗೆ ಪಡೆಯಬೇಕೆಂಬ ನಿಯಮವಿದೆ. 1991ನೆಯ ಏಪ್ರಿಲ್ 15ಕ್ಕೆ ಮೊದಲೇ ಅಂಥ ವಿಮಾನವನ್ನು ನಡೆಸಿದ್ದವರಿಗೆ ಮಾತ್ರ ವಿನಾಯಿತಿ. ರೂಢಿಯದನ್ನು ನಡೆಸಲು ವಿಶೇಷಾನುಮತಿ! ಶಬ್ದಕ್ಕೂ ವಸ್ತುಸ್ಥಿತಿಗೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಬೇಕಿಲ್ಲ.

ಇಷ್ಟು ತೊಂದರೆಯುಳ್ಳ ಏರ್ಪಾಡು ಮೊದಲಿಗೆ ರೂಢಿಯಾದದ್ದಾದರೂ ಏಕೆ? ಹುಟ್ಟಿನಿಂದಲೂ ಹಾಗಿತ್ತು ಎಂಬ ಉತ್ತರವು ತಪ್ಪಾದೀತು. 1903ನೆಯ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ಯಂತ್ರಕ್ಕೆ ಗಾಲಿಗಳೇ ಇರಲಿಲ್ಲ. ಅದು ಹಳಿಯ ಮೇಲಿನಿಂದ ಹೊರಟು, ಜಾರುಪಟ್ಟಿಗಳ ಮೇಲೆ ಇಳಿಯಿತು. ಮೇಲೆ ಕೆಳಗೆ ತಿರುಗಿಸುವ ಅದರ ಚಿಕ್ಕ ರೆಕ್ಕೆಗಳು ಹಿಂದಿರದೆ ಮುಂದೆ ಇದ್ದವು. ಅಮೆರಿಕಾದ ಗ್ಲೆನ್ ಕರ್ಟಿಸ್ ಎಂಬಾತನು ಆ ದಶಕದ ಕೊನೆಯಲ್ಲಿ ಹಾರಿಸಿದ ವಿಮಾನಗಳಿಗೆ ಮೂಗಿನ ಕಡೆಯಲ್ಲಿಯೇ ಮೂರನೆಯ ಗಾಲಿಯಿತ್ತು. ಹೀಗೆ ನೋಡಿದರೆ, ಇಂದು ನಾವು ಹೊಸದೆನ್ನುವ ಮೂಗುಗಾಲಿಯು ಹಳೆಯದೆನ್ನುವ ಬಾಲಗಾಲಿಗೆ ಹಿರಿಯ ಒಡಹುಟ್ಟಾದರೂ ಆಗಬೇಕು. ಪ್ರಾರಂಭದಲ್ಲಿ ರೂಢಿ ಎಂಬುದೇ ಇರಲಿಲ್ಲ. ಪ್ರಯತ್ನಗಳು ಮಾತ್ರ ಇದ್ದವು.

1909ನೆಯ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೋ ಒಂಟಿರೆಕ್ಕೆಯ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಎಂಜಿನ್ನೂ ಅದರ ಪಂಖವೂ ಮುಂದೆ, ರೆಕ್ಕೆ ಅದರ ಹಿಂದೆ, ಬಾಲ ತುದಿಯಲ್ಲಿ, ದೊಡ್ಡ ಗಾಲಿಗಳೆರಡು ಮುಂಭಾಗದಲ್ಲಿ, ಹಿಂಭಾಗಕ್ಕೆ ಚಿಕ್ಕದೊಂದು ಆಧಾರ – ಈ ಆಕಾರವು ಲೋಕದ ಕಣ್ಣಿಗೆ ಬಿತ್ತು. ಐದು ವರ್ಷಗಳಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ಯುದ್ಧಕಾಲದಲ್ಲಿ ಸಾವಿರಗಟ್ಟಲೆ ವಿಮಾನಗಳನ್ನು ಬೇಗಬೇಗನೆ ಕಟ್ಟಬೇಕಾದಾಗ ಬಹುತೇಕ ಎಲ್ಲರೂ ಈ ಆಕಾರವನ್ನೇ ಹಿಡಿದರು. ಅದಕ್ಕೆ ಸಕಾರಣಗಳೂ ಇದ್ದವು. ಆಗ ವಿಮಾನಗಳು ಇಳಿಯುತ್ತಿದ್ದುದು ಹುಲ್ಲಿನ ಬಯಲಿನಲ್ಲಿ. ಬಯಲಿನಲ್ಲಿ ಹಳ್ಳತಿಟ್ಟುಗಳು ಸಹಜ. ಮುಂದೆ ನೀಳವಾದ ಸಣ್ಣ ಗಾಲಿಯಿದ್ದರೆ ಅದು ಹಳ್ಳಕ್ಕೆ ಸಿಕ್ಕಿ ಮುರಿಯುವ ಭಯ. ಪಂಖವು ನೆಲಕ್ಕೆ ತಗುಲದಂತೆ ಮೂಗು ಎತ್ತರದಲ್ಲಿರುವುದು ಕ್ಷೇಮ. ಬಾಲದ ಕೆಳಗೆ ಗಾಲಿಯೂ ಬೇಡ, ಮರದ ಅಥವಾ ಕಬ್ಬಿಣದ ಒಂದು ಗೂಟ ಸಾಕು. ಅದು ಹುಲ್ಲುನೆಲವನ್ನು ಗೀರುತ್ತ ಬಂದು ಬಿರಿಯ ಕೆಲಸವನ್ನೂ ಮಾಡುತ್ತಿತ್ತು. ಏಕೆಂದರೆ ಗಾಲಿಗಳಿಗೆ ಬಿರಿಗಳಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ವಿಶಾಲವಾದ ಬಯಲಿನಲ್ಲಿ ಇಂಥ ದಿಕ್ಕಿನಲ್ಲಿಯೇ ಇಳಿಯಬೇಕೆಂಬ ಕಟ್ಟುಪಾಡಿಲ್ಲ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೋ ಆ ದಿಕ್ಕಿಗೆ ಮುಖಮಾಡಿ ಇಳಿಯಬಹುದು. ಅಡ್ಡಗಾಳಿಯ ಕಾಟವಿಲ್ಲದಿದ್ದರೆ ಗಿರಕಿಯ ಭಯವೂ ಬಹುಮಟ್ಟಿಗೆ ಕಡಿಮೆ. ಅಂದಮೇಲೆ ಬಾಲಗಾಲಿಯು ರೂಢಿಯಾದದ್ದು ಅವಿವೇಕದಿಂದಲ್ಲ. ಅದು ಹುಲ್ಲುಬಯಲಿಗೆ ತಕ್ಕ ಏರ್ಪಾಡಾಗಿತ್ತು.

ಮೈಸೂರು ಸಂಸ್ಥಾನಕ್ಕೆ ವಿಮಾನೋದ್ಯಮವು ಕಾಲಿಟ್ಟದ್ದು ಈ ರೂಢಿಯು ತುಂಬು ಪ್ರಾಯದಲ್ಲಿದ್ದಾಗ. 1940ನೆಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿ ಜೋಡಿಸಲ್ಪಟ್ಟ ಹಾರ್ಲೋ ಶಿಕ್ಷಣವಿಮಾನವೂ, ಮರುವರ್ಷ ಹೊರಬಂದ ಕರ್ಟಿಸ್ ಹಾಕ್ ಯುದ್ಧವಿಮಾನವೂ ಬಾಲಗಾಲಿಯವೇ. ಯುದ್ಧಕಾಲದಲ್ಲಿ ದುರಸ್ತಿಗೆಂದು ಬೆಂಗಳೂರಿಗೆ ಬರುತ್ತಿದ್ದ ಡಕೋಟಾ ವಿಮಾನಗಳೂ ಅದೇ ಜಾತಿಯವು. ಅವುಗಳನ್ನು ಏರಿದ ಪ್ರಯಾಣಿಕರು ಬಾಗಿಲಿನಿಂದ ತಮ್ಮ ಪೀಠದವರೆಗೆ ಗುಡ್ಡ ಹತ್ತಿದಂತೆ ಹತ್ತಿ ಹೋಗಬೇಕಾಗಿತ್ತು. 1942ರಲ್ಲಿ ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದಕ್ಕೆ ಮೊದಲ ಮುಖ್ಯಸ್ಥರಾಗಿದ್ದ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿಯೇ ಮುಂದೆ ಎಚ್.ಟಿ.-2 ಎಂಬ ಶಿಕ್ಷಣವಿಮಾನವು ರೂಪುಗೊಂಡು 1951ನೆಯ ಆಗಸ್ಟಿನಲ್ಲಿ ಹಾರಿತು. ಸ್ವತಂತ್ರ ಭಾರತದ ತರುಣ ವೈಮಾನಿಕರ ಹಲವು ತಲೆಮಾರುಗಳು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಈ ವಿಮಾನದಲ್ಲಿ. 1958ರಲ್ಲಿ ಹಾರಿದ ಪುಷ್ಪಕವೆಂಬ ಎರಡು ಪೀಠಗಳ ಹಗುರ ವಿಮಾನವು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಹೋಯಿತು. ಎಚ್.ಟಿ.-2, ಪುಷ್ಪಕ – ಎರಡಕ್ಕೂ ಬಾಲಗಾಲಿ. ಆಗಿನ ಶಿಷ್ಯರು ಅದನ್ನು ವಿಶೇಷವೆಂದು ಎಣಿಸಲಿಲ್ಲ. ವಿಮಾನವೆಂದರೆ ಹಾಗೆಯೇ ಇರತಕ್ಕದ್ದೆಂದು ತಿಳಿದಿದ್ದರು.

ಆದರೆ ಆ ವೇಳೆಗೆ ರೂಢಿಯ ಬೇರು ಸಡಿಲವಾಗಿತ್ತು. ಅದನ್ನು ಸಡಿಲಿಸಿದ ಕಾರಣಗಳು ಎರಡು: ಒಂದು ಗಟ್ಟಿನೆಲದ ಓಡುದಾರಿ, ಮತ್ತೊಂದು ಜೆಟ್ ಎಂಜಿನ್. ವಿಮಾನಗಳ ಭಾರವೂ ವೇಗವೂ ಹೆಚ್ಚಿದ ಹಾಗೆಲ್ಲ ಹುಲ್ಲುಬಯಲು ಸಾಲದಾಯಿತು. ಕಾಂಕ್ರೀಟಿನ ಓಡುದಾರಿಗೆ ಎರಡೇ ದಿಕ್ಕು. ಗಾಳಿಯಾದರೋ ಯಾವ ದಿಕ್ಕಿನಿಂದಲಾದರೂ ಬೀಸಬಹುದು. ಅಡ್ಡಗಾಳಿಯಲ್ಲಿ ಇಳಿಯುವುದು ಅನಿವಾರ್ಯವಾದ ಮೇಲೆ ಬಾಲಗಾಲಿಯ ದೋಷವು ಎದ್ದು ಕಂಡಿತು. ಜೆಟ್ ವಿಮಾನದ ಕಥೆ ಇನ್ನೂ ಸ್ವಾರಸ್ಯವಾದದ್ದು. 1942ನೆಯ ಜುಲೈ 18ರಂದು ಜರ್ಮನಿಯ ಮೆಸರ್‌ಷ್ಮಿಟ್ 262 ಎಂಬ ವಿಮಾನವನ್ನು ಜೆಟ್ ಶಕ್ತಿಯೊಂದರಿಂದಲೇ ಹಾರಿಸಲು ಹೊರಟಾಗ ಅದರ ಬಾಲವು ನೆಲವನ್ನು ಬಿಟ್ಟು ಏಳಲೇ ಇಲ್ಲ. ಬಾಲ ಕೆಳಗಿರುವವರೆಗೂ ಅದರ ಏರಿಳಿತದ ಪಟ್ಟಿಗಳಿಗೆ ಗಾಳಿಯ ಹಿಡಿತ ಸಿಕ್ಕುವಂತಿರಲಿಲ್ಲ. ಪಂಖದ ವಿಮಾನದಲ್ಲಾದರೆ ಪಂಖದ ಗಾಳಿಯೇ ಬಾಲದ ಮೇಲೆ ಬೀಸಿ ಅದನ್ನು ಎತ್ತುತ್ತಿತ್ತು. ಕೊನೆಗೆ ಚಾಲಕ ಫ್ರಿಟ್ಜ್ ವೆಂಡೆಲ್ ಓಟದ ನಡುವೆ ಬಿರಿಯನ್ನು ತುಸು ಒತ್ತಿ, ವಿಮಾನವು ಮುಗ್ಗರಿಸುವಂತೆ ಮಾಡಿ, ಬಾಲವನ್ನು ಎಬ್ಬಿಸಿ ಹಾರಿದನು. ಇಂಥ ಸಾಹಸವನ್ನು ದಿನನಿತ್ಯದ ಪದ್ಧತಿಯಾಗಿ ಮಾಡುವುದು ಸಾಧ್ಯವೇ? ಆ ವಿಮಾನಕ್ಕೆ ಮುಂದೆ ಮೂಗುಗಾಲಿಯನ್ನು ಇಡಲಾಯಿತು.

ನಮ್ಮ ದೇಶದಲ್ಲಿಯೂ ಈ ಬದಲಾವಣೆ ಒಬ್ಬನೇ ಶಿಲ್ಪಿಯ ಬಾಳಿನಲ್ಲಿ ಎದ್ದು ಕಾಣುತ್ತದೆ. ಜರ್ಮನಿಯ ಕುರ್ಟ್ ಟ್ಯಾಂಕರು 1939ರಲ್ಲಿ ಹಾರಿದ ಫೋಕೆವುಲ್ಫ್ 190 ಎಂಬ ಬಾಲಗಾಲಿಯ ಯುದ್ಧವಿಮಾನದ ನಿರ್ಮಾತೃಗಳು. ಅವರೇ ಬೆಂಗಳೂರಿಗೆ ಬಂದು ನಮ್ಮವರೊಡಗೂಡಿ ರಚಿಸಿದ ‘ಮಾರುತ’ ಜೆಟ್ ವಿಮಾನವು 1961ನೆಯ ಜೂನ್ 17ರಂದು ಹಾರಿದಾಗ ಮೂಗಿನ ಕೆಳಗೆ ಗಾಲಿಯನ್ನು ಹೊಂದಿತ್ತು. 1964ರಲ್ಲಿ ಹಾರಿದ ‘ಕಿರಣ’ ಶಿಕ್ಷಣವಿಮಾನಕ್ಕೂ ಮೂಗುಗಾಲಿಯೇ; ಎಚ್.ಟಿ.-2ರ ಸ್ಥಾನಕ್ಕೆ ಬಂದ ‘ದೀಪಕ’ಕ್ಕೂ ಅದೇ. ಅತ್ತ ಅಮೆರಿಕಾದಲ್ಲಿ 1956ರಲ್ಲಿ ಮಾರಾಟಕ್ಕೆ ಬಂದ ಸೆಸ್ನಾ 172 ಎಂಬ ಚಿಕ್ಕ ವಿಮಾನವು ಖಾಸಗಿ ಚಾಲಕರ ಲೋಕವನ್ನೇ ಮೂಗುಗಾಲಿಗೆ ತಿರುಗಿಸಿತು. ಎರಡು ಮೂರು ದಶಕಗಳಲ್ಲಿ ರೂಢಿಯು ಅಪರೂಪವಾಯಿತು, ಅಪರೂಪವು ರೂಢಿಯಾಯಿತು. ಹೆಸರು ಮಾತ್ರ ಕದಲಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಕನ್ವೆನ್ಷನಲ್’ ಎಂಬ ಶಬ್ದವನ್ನು ವಿಮಾನಶಿಲ್ಪಿಗಳು ಇನ್ನೊಂದು ಅರ್ಥದಲ್ಲಿಯೂ ಬಳಸುವುದುಂಟು. ಗಾಲಿಯ ಮಾತನ್ನು ಬಿಟ್ಟು ಒಡಲಿನ ಆಕಾರವನ್ನು ಹೇಳುವಾಗ, ಮುಂದೆ ರೆಕ್ಕೆ ಹಿಂದೆ ಬಾಲವಿರುವ ವಿಮಾನವು ಅವರಿಗೆ ರೂಢಿಯ ಆಕಾರದ್ದು. ಚಿಕ್ಕ ರೆಕ್ಕೆಗಳು ಮುಂದಿದ್ದರೆ ಅದು ‘ಕನಾರ್ಡ್’. ಫ್ರೆಂಚ್ ಭಾಷೆಯಲ್ಲಿ ಈ ಮಾತಿಗೆ ಬಾತುಕೋಳಿ ಎಂದರ್ಥ. ಬಾಲವೇ ಇಲ್ಲದೆ ರೆಕ್ಕೆಯೇ ವಿಮಾನವಾಗಿದ್ದರೆ ಅದು ಹಾರುರೆಕ್ಕೆ. ಚಾಲಕನು ಗಾಲಿಯನ್ನು ನೋಡಿ ರೂಢಿಯೆನ್ನುತ್ತಾನೆ, ಶಿಲ್ಪಿಯು ಬಾಲವನ್ನು ನೋಡಿ ರೂಢಿಯೆನ್ನುತ್ತಾನೆ. ರೈಟ್ ಸಹೋದರರ ಆದಿವಿಮಾನವು ಇಬ್ಬರ ಲೆಕ್ಕದಲ್ಲಿಯೂ ರೂಢಿಗೆ ಹೊರತಾದದ್ದೇ!

ಈ ಎರಡನೆಯ ಅರ್ಥವನ್ನು ಹಿಡಿದುಕೊಂಡೇ ನಾವು ಈಗ ಚಿತ್ರದುರ್ಗದ ಸೀಮೆಗೆ ಬರುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ 1980ರ ದಶಕದಲ್ಲಿ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ ಕನಾರ್ಡ್ ಆಕಾರದ ಹಗುರ ವಿಮಾನವೊಂದು ಸಿದ್ಧವಾಗಿತ್ತು. ಅದರ ಆಧಾರದ ಮೇಲೆ ರಕ್ಷಣಾ ಸಂಶೋಧನಾ ಸಂಸ್ಥೆಯವರು ಚಾಲಕರಹಿತ ವಿಮಾನವನ್ನು ರಚಿಸಿ, ಆ ಪ್ರೊಫೆಸರರ ಸ್ಮರಣಾರ್ಥವಾಗಿ ಅದಕ್ಕೆ ‘ರುಸ್ತುಂ’ ಎಂದು ಹೆಸರಿಟ್ಟರು. ಅದರ ಯಶಸ್ವಿಯಾದ ಮೊದಲ ಹಾರಾಟ 2010ನೆಯ ಅಕ್ಟೋಬರಿನಲ್ಲಿ ಹೊಸೂರಿನ ಬಳಿ ನಡೆಯಿತು. ಅದರ ತಮ್ಮನಾದ ‘ರುಸ್ತುಂ-2’ ಅಥವಾ ‘ತಪಸ್’ ಎಂಬುದಾದರೋ ಬಾತುಕೋಳಿಯ ಆಕಾರವನ್ನು ಬಿಟ್ಟು ಮುಂದೆ ನೀಳವಾದ ರೆಕ್ಕೆ, ಹಿಂದೆ ಬಾಲ ಎಂಬ ರೂಢಿಯ ಆಕಾರಕ್ಕೆ ಬಂತು. ಅದು 2016ನೆಯ ನವೆಂಬರಿನಲ್ಲಿ ಮೊದಲು ಹಾರಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ. ಅಲ್ಲಿಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ನೆಯ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟಿತವಾಯಿತು.

ಅಲ್ಲಿಂದ ಮುಂದೆ ದುರ್ಗದ ಸೀಮೆಯ ಆಕಾಶದಲ್ಲಿ ವಿಮಾನಗಳ ಆಕಾರಚರಿತ್ರೆಯು ಮತ್ತೊಂದು ಸಾರಿ ನಡೆಯಿತೆನ್ನಬಹುದು. ರೂಢಿಯ ಆಕಾರದ ತಪಸ್ 28,000 ಅಡಿಗಳ ಎತ್ತರವನ್ನೂ ಹದಿನೆಂಟು ಗಂಟೆಗಳ ಹಾರಾಟವನ್ನೂ ಸಾಧಿಸಿತು. ಸೇನೆಯು ಕೇಳಿದ್ದು 30,000 ಅಡಿ ಮತ್ತು ಇಪ್ಪತ್ತನಾಲ್ಕು ಗಂಟೆ. 2022ನೆಯ ಜುಲೈ 1ರಂದು ಅದೇ ಕ್ಷೇತ್ರದಿಂದ ಹಾರುರೆಕ್ಕೆಯ ಮಾದರಿಯೊಂದು ಮೇಲೆದ್ದು, ಯಾರ ಕೈಯೂ ಸೋಕದೆ ತಾನೇ ಹಾರಿ ತಾನೇ ಇಳಿಯಿತು. 2023ನೆಯ ಡಿಸೆಂಬರ್ 15ರಂದು ಬಾಲವಿಲ್ಲದ ಅಂತಿಮರೂಪದಲ್ಲಿ ಅದರ ಪ್ರದರ್ಶನ ನಡೆಯಿತು. ಬಾಲವಿಲ್ಲದ ವಿಮಾನವು ತನ್ನಷ್ಟಕ್ಕೆ ದಿಕ್ಕನ್ನು ಕಾಯ್ದುಕೊಳ್ಳಲಾರದು. ಗಣಕಯಂತ್ರವು ಕ್ಷಣಕ್ಷಣಕ್ಕೂ ಅದನ್ನು ತಿದ್ದುತ್ತಿರಬೇಕು. ಹಿಂದೆ ಬಾಲಗಾಲಿಯ ಚಾಲಕನ ಪಾದಗಳು ನೆಲದ ಮೇಲೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಯಂತ್ರವು ಆಕಾಶದಲ್ಲಿ ಮಾಡುತ್ತದೆ.

ಮತ್ತೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಬಾಹ್ಯಾಕಾಶಕ್ಕೆ ಹೋಗಿ ಮರಳಬಲ್ಲ ರೆಕ್ಕೆಯ ವಾಹನವೊಂದರ ಇಳಿಯುವ ಪರೀಕ್ಷೆಯನ್ನು ಇಸ್ರೋ ಸಂಸ್ಥೆಯವರು ಮೂರು ಸಾರಿ ನಡೆಸಿದ್ದು ಇದೇ ಕ್ಷೇತ್ರದಲ್ಲಿ: 2023ನೆಯ ಏಪ್ರಿಲ್ 2, 2024ನೆಯ ಮಾರ್ಚ್ 22, ಅದೇ ವರ್ಷದ ಜೂನ್ 23. ಹೆಲಿಕಾಪ್ಟರೊಂದು ಅದನ್ನು ನಾಲ್ಕೂವರೆ ಕಿಲೋಮೀಟರುಗಳ ಎತ್ತರಕ್ಕೆ ಒಯ್ದು ಬಿಟ್ಟಿತು. ಎಂಜಿನ್ನಿಲ್ಲದ ಆ ವಾಹನವು ತಾನೇ ದಾರಿ ಹುಡುಕಿ ಓಡುದಾರಿಗೆ ಇಳಿಯಿತು. ಮೂರನೆಯ ಪರೀಕ್ಷೆಯಲ್ಲಿ ಅದನ್ನು ಬೇಕೆಂದೇ 500 ಮೀಟರುಗಳಷ್ಟು ಪಕ್ಕಕ್ಕೆ ಬಿಡಲಾಗಿತ್ತು. ಗಾಳಿಯೂ ಆ ದಿನ ಬಿರುಸಾಗಿತ್ತು. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲವನ್ನು ಮುಟ್ಟಿ, ಬಿರಿಕೊಡೆಯನ್ನು ಬಿಚ್ಚಿ ಸುಮಾರು 100 ಕಿಲೋಮೀಟರಿಗೆ ಇಳಿದು, ಆಮೇಲೆ ಗಾಲಿಯ ಬಿರಿಗಳನ್ನು ಹಾಕಿ, ಚುಕ್ಕಾಣಿಯಿಂದಲೂ ಮೂಗುಗಾಲಿಯ ತಿರುವಿನಿಂದಲೂ ತನ್ನ ಓಟವನ್ನು ನೇರವಾಗಿ ಕಾಯ್ದುಕೊಂಡು ನಿಂತಿತು. ಅದರ ಹೆಸರು ಪುಷ್ಪಕ್. 1958ರ ಬೆಂಗಳೂರಿನ ಪುಷ್ಪಕಕ್ಕೆ ಬಾಲಗಾಲಿ, ನೇರವಾಗಿ ಓಡಿಸಲು ಒಬ್ಬ ಶಿಷ್ಯನ ನಡುಗುವ ಪಾದಗಳು. ಈ ಪುಷ್ಪಕಕ್ಕೆ ಮೂಗುಗಾಲಿ, ಪಾದಗಳೇ ಇಲ್ಲ. ನೆಲದ ಮೇಲೆ ನೆಟ್ಟಗೆ ಓಡಬೇಕೆಂಬ ಸಮಸ್ಯೆ ಮಾತ್ರ ಎರಡಕ್ಕೂ ಒಂದೇ.

ಇಷ್ಟನ್ನೂ ಕೇಳಿದ ಮೇಲೆ ಇದು ಕೇವಲ ಪ್ರಗತಿಯ ಕಥೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಚರಿತ್ರೆಯನ್ನು ಓದುವವನು ಒಂದು ಪ್ರಶ್ನೆಯನ್ನು ಕೇಳಲೇಬೇಕು: ಒಂದು ರೂಢಿ ಹೋಗಿ ಮತ್ತೊಂದು ಬಂದಾಗ ಹಳೆಯದರ ಭಾರವು ಎಲ್ಲಿಗೆ ಹೋಯಿತು? ಬಾಲಗಾಲಿಯ ಕಾಲದಲ್ಲಿ ಕಷ್ಟವು ಚಾಲಕನ ಮೇಲಿತ್ತು. ನೆಲವು ಯಾವ ಕಷ್ಟವನ್ನೂ ಪಡಬೇಕಾಗಿರಲಿಲ್ಲ. ಎರಡು ದನ ಮೇಯುವ ಬಯಲಿದ್ದರೆ, ದನಗಳನ್ನು ಅತ್ತ ಅಟ್ಟಿ, ವಿಮಾನವು ಇಳಿದು ಹೋಗಬಹುದಾಗಿತ್ತು. ಮತ್ತೆ ದನಗಳು ಮೇಯಲು ಬರಬಹುದಾಗಿತ್ತು. ಹೊಸ ರೂಢಿಯಲ್ಲಿ ಚಾಲಕನ ಕಷ್ಟ ಕಡಿಮೆಯಾಯಿತು, ಕೊನೆಗೆ ಚಾಲಕನೇ ಬೇಡವಾದನು. ಆದರೆ ಆ ಭಾರವು ನೆಲದ ಮೇಲೆ ಬಿತ್ತು. ವೇಗದ ವಿಮಾನಕ್ಕೆ ಉದ್ದವಾದ ಗಟ್ಟಿ ದಾರಿ ಬೇಕು. ಪರೀಕ್ಷೆಯ ವಿಮಾನಕ್ಕೆ ಆ ದಾರಿಯ ಸುತ್ತ ಜನರಿಲ್ಲದ ವಿಸ್ತಾರವೂ ಬೇಕು. ವರವು ಕಾವಲಿನಲ್ಲಿ ಈ ಕ್ಷೇತ್ರಕ್ಕಾಗಿ ಕೊಡಲ್ಪಟ್ಟ ಭೂಮಿ 4,290 ಎಕರೆ. ಹುಲ್ಲುಗಾವಲಿನಲ್ಲಿ ಇಳಿಯಬಲ್ಲ ವಿಮಾನವು ಹೋಗಿ ಹುಲ್ಲುಗಾವಲನ್ನೇ ಬೇಡುವ ವಿಮಾನವು ಬಂತು.

ಆ ಕಾವಲಾದರೂ ಬರಿಯ ಬಂಜರಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದನದ ಇಲಾಖೆಗೆ ಸೇರಿದ ಮೇವಿನ ಬಯಲುಗಳಲ್ಲಿ ಅದೂ ಒಂದು. ಚಿತ್ರದುರ್ಗದ ಪಾಳೆಯಗಾರರ ಹಿಂಡುಗಳೂ ಹೈದರನ ಕಾಲದಲ್ಲಿ ಆ ಇಲಾಖೆಯ ಹಿಂಡುಗಳೊಡನೆ ಬೆರೆತವು. ಸರ್ಕಾರದ ದನಗಳು ಕಡಿಮೆಯಾದ ಮೇಲೆ ಸುತ್ತಮುತ್ತಣ ಹಳ್ಳಿಗಳ ಕುರಿ, ದನಗಳಿಗೆ ಅದೇ ಆಧಾರವಾಗಿತ್ತು. ಕುರಿಯ ಉಣ್ಣೆ ಕಂಬಳಿಯ ಮಗ್ಗಕ್ಕೆ, ಗೊಬ್ಬರ ಹೊಲಕ್ಕೆ – ಹೀಗೆ ಒಂದರಿಂದ ಒಂದಕ್ಕೆ ಬದುಕು ಹೆಣೆದುಕೊಂಡಿತ್ತು. ಈ ಪರೀಕ್ಷಾ ಕ್ಷೇತ್ರಕ್ಕೂ ಅದರ ನೆರೆಯ ಇತರ ಸಂಸ್ಥೆಗಳಿಗೂ ಕಾವಲು ಹಂಚಿಕೆಯಾದಾಗ ಹಳ್ಳಿಯವರು ಆಕ್ಷೇಪಿಸಿದರು. ವಿಷಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು, 2014ರಲ್ಲಿ ನ್ಯಾಯಾಧಿಕರಣವು ಷರತ್ತುಗಳನ್ನು ವಿಧಿಸಿತು, ಕೆಲಸಗಳು ಮುಂದುವರಿದವು. ದೇಶದ ರಕ್ಷಣೆಗೆ ಪರೀಕ್ಷಾ ಕ್ಷೇತ್ರವು ಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ‘ಖಾಲಿ ಜಾಗ’ ಎಂಬ ಮಾತನ್ನು ನಾವು ಬಳಸುವಾಗ, ಅದು ಯಾರ ಕಣ್ಣಿಗೆ ಖಾಲಿ ಎಂದು ಒಂದು ಸಾರಿ ಯೋಚಿಸುವುದು ನ್ಯಾಯ. ಮೇಲಿನಿಂದ ನೋಡುವವನಿಗೆ ಹುಲ್ಲು ಶೂನ್ಯವಾಗಿ ಕಾಣುತ್ತದೆ; ಹಿಂಡಿನ ಹಿಂದೆ ನಡೆಯುವವನಿಗೆ ಅದು ಸಂಸಾರ.

ಭಾರವು ನೆಲದ ಮೇಲೆ ಬಿತ್ತೆಂದು ನಾನು ಹೇಳಿದ್ದು ಅಲಂಕಾರದ ಮಾತಷ್ಟೇ ಅಲ್ಲ. 2019ನೆಯ ಸೆಪ್ಟೆಂಬರ್ 17ರಂದು ಚಿತ್ರದುರ್ಗದ ಸಮೀಪದ ಜೋಡಿಚಿಕ್ಕೇನಹಳ್ಳಿಯಲ್ಲಿ ರುಸ್ತುಂ-2 ವಿಮಾನವೊಂದು ಅಡಿಕೆಯ ತೋಟದಲ್ಲಿ ಬಿತ್ತು. 2023ನೆಯ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ತಪಸ್ ವಿಮಾನವೊಂದು ಹೊಲದಲ್ಲಿ ಬಿದ್ದು ಚೂರಾಯಿತು. ದೈವವಶಾತ್ ಎರಡು ಸಾರಿಯೂ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಒಳಗೆ ಚಾಲಕನಿಲ್ಲದ ವಿಮಾನದಲ್ಲಿ ಚಾಲಕನಿಗೆ ಅಪಾಯವಿಲ್ಲ. ಅಪಾಯವೇನಿದ್ದರೂ ಕೆಳಗೆ ದುಡಿಯುತ್ತಿರುವವನಿಗೆ. ಹಿಂದೆ ಗಿರಕಿ ಹೊಡೆದ ವಿಮಾನದೊಳಗೆ ಹಾರುವುದನ್ನು ತಾನೇ ಆರಿಸಿಕೊಂಡವನು ಕುಳಿತಿರುತ್ತಿದ್ದನು. ಇಂದು ಕೆಳಗೆ ನಿಂತವನು ಅದನ್ನು ಆರಿಸಿಕೊಂಡವನಲ್ಲ. ಪರೀಕ್ಷೆಯೆಂದ ಮೇಲೆ ಬೀಳುವುದೂ ಏಳುವುದೂ ಉಂಟು. ಬೀಳದೆ ಕಲಿತ ವಿಮಾನ ಜಗತ್ತಿನಲ್ಲಿಯೇ ಇಲ್ಲ. ಹಿರಿಯೂರಿನ ಬಯಲುಹೊಲದವನೂ ಹೊಸದುರ್ಗದ ತೆಂಗಿನ ತೋಟದವನೂ ಹೊಳಲ್ಕೆರೆಯ ಅಡಿಕೆಯವನೂ ದೇಶದ ಈ ಕಲಿಕೆಗೆ ಅಡ್ಡಬರುವವರಲ್ಲ. ಅವರಿಗೆ ಸಲ್ಲಬೇಕಾದದ್ದು ಎರಡೇ: ಏನು ನಡೆಯುತ್ತಿದೆಯೆಂಬ ತಿಳಿವಳಿಕೆ, ನಷ್ಟವಾದಲ್ಲಿ ತಡವಿಲ್ಲದ ಪರಿಹಾರ.

ಶ್ರೋತೃಗಳೇ, ರೂಢಿ ಎಂಬ ಮಾತಿಗೆ ನಾವು ಸಾಮಾನ್ಯವಾಗಿ ಹಳೆಯದು, ಯೋಚಿಸದೆ ಬಂದದ್ದು ಎಂಬ ಅರ್ಥವನ್ನು ಕೊಡುತ್ತೇವೆ. ಬಾಲಗಾಲಿಯ ಚರಿತ್ರೆಯು ತೋರಿಸುವುದು ಬೇರೆಯದನ್ನು. ಪ್ರತಿಯೊಂದು ರೂಢಿಯೂ ಅದು ಹುಟ್ಟಿದ ಕಾಲದಲ್ಲಿ ಒಂದು ಒಪ್ಪಂದವಾಗಿತ್ತು – ಕಷ್ಟವನ್ನು ಯಾರು ಹೊರಬೇಕು, ಸುಖವನ್ನು ಯಾರು ಪಡೆಯಬೇಕು ಎಂಬುದರ ಒಪ್ಪಂದ. ಇಂಗ್ಲಿಷಿನ ‘ಕನ್ವೆನ್ಷನ್’ ಎಂಬ ಮಾತಿಗೂ ಮೂಲಾರ್ಥವು ಕೂಡಿಬರುವುದು, ಒಡಂಬಡುವುದು ಎಂದೇ. ವೈಮಾನಿಕರು ಬಾಲಗಾಲಿಯ ವಿಮಾನವನ್ನು ಇಂದಿಗೂ ಆ ಹೆಸರಿನಿಂದ ಕರೆಯುವಾಗ, ಚಾಲಕನೂ ಹುಲ್ಲುಬಯಲೂ ಮಾಡಿಕೊಂಡಿದ್ದ ಒಂದು ಹಳೆಯ ಒಡಂಬಡಿಕೆಯನ್ನು ತಮಗೆ ಅರಿವಿಲ್ಲದೆಯೇ ನೆನೆಯುತ್ತಾರೆ. ಚಳ್ಳಕೆರೆಯ ಕಾವಲಿನಲ್ಲಿ ಹೊಸ ರೂಢಿಯೊಂದು ಈಗ ಬೆಳೆಯುತ್ತಿದೆ. ಅದರ ಒಡಂಬಡಿಕೆಯಲ್ಲಿ ಸಹಿ ಹಾಕಬೇಕಾದವರಲ್ಲಿ ಕೆಳಗಿನ ಹೊಲದವನೂ ಒಬ್ಬನೆಂಬುದನ್ನು ಮರೆಯದಿದ್ದರೆ, ಮುಂದಿನ ತಲೆಮಾರಿನವರು ಅದನ್ನು ರೂಢಿಯೆಂದು ಕರೆಯುವಾಗ ಆ ಹೆಸರು ಅನ್ವರ್ಥವಾಗಿಯೇ ಇರುತ್ತದೆ.